ಹರಿತ ಇದೆ, ಹೆಚ್ಚೋಕಾಗಲ್ಲ: ಒಂದು ಹಳೇ ಚಾಕುವಿನ ರಿಪೇರಿ

ಮೊದಲು ಅಳತೆ. ಅಲಗಿನ ಉದ್ದ 185 ಮಿ.ಮೀ., ಹಿಡಿಯ ಹತ್ತಿರ ಅಗಲ 40, ಬೆನ್ನಿನ ದಪ್ಪ 3. ಬಾಯಿಂದ, ಅಂದರೆ ಕೊಯ್ಯುವ ಅಂಚಿನಿಂದ, 5 ಮಿ.ಮೀ. ಮೇಲೆ ವರ್ನಿಯರ್ ಹಿಡಿದರೆ ದಪ್ಪ 1.7 ಮಿ.ಮೀ. ಚಾಕುವಿನ ಕಾಯಿಲೆಯೆಲ್ಲ ಈ ಕೊನೆಯ ಅಂಕಿಯಲ್ಲಿದೆ.

ಇದು ಗುಬ್ಬಿ ಕಡೆಯ ನಮ್ಮ ಹಳ್ಳಿಮನೆಯದು. ಊರಿನ ಕುಲುಮೆಯಲ್ಲಿ ಹಿಂದೆಂದೋ ಮಾಡಿಸಿದ್ದು. ಹಲಸಿನಹಣ್ಣು ಬಿಡಿಸುವುದರಿಂದ ಹಿಡಿದು ಬಾಳೆಲೆ ಕೊಯ್ಯುವವರೆಗೆ ಎಲ್ಲಕ್ಕೂ ಇದೇ. ತುಮಕೂರಿನ ಮನೆಗೆ ಬಂದಾಗ ಎರಡೂ ಪಕ್ಕ ಕೆಂಪು ತುಕ್ಕು ಹತ್ತಿತ್ತು. ಮರದ ಹಿಡಿ ಉದ್ದಕ್ಕೆ ಸೀಳಿದ್ದಕ್ಕೆ ಯಾರೋ ಸೈಕಲ್ ಟ್ಯೂಬ್ ಸುತ್ತಿದ್ದರು. ಮೊನೆಯ ಹತ್ತಿರ ಬಾಯಿ ಎರಡು ಮಿ.ಮೀ. ಆಳ ಮುಕ್ಕಾಗಿತ್ತು. ತೆಂಗಿನಕಾಯಿಯನ್ನು ಚಾಕುವಿನ ಬೆನ್ನಿನಿಂದ ಒಡೆಯುವ ಬದಲು ಬಾಯಿಂದ ಹೊಡೆದರೆ ಬೀಳುವ ಗಾಯ ಅದು, ನೋಡಿದವರಿಗೆ ಗುರುತು ಸಿಗುತ್ತದೆ.

ಇಷ್ಟಿದ್ದೂ ಅದು ಮೊಂಡಾಗಿರಲಿಲ್ಲ. ಬೀದಿಯಲ್ಲಿ ಬರುವ ಸಾಣೆಯವರ ಹತ್ತಿರ ಸಾಣೆ ಹಿಡಿಸಿದ್ದರು. ಮುಕ್ಕಿಲ್ಲದ ಕಡೆ ಪೇಪರ್ ಸರಾಗವಾಗಿ ಕತ್ತರಿಸುತ್ತಿತ್ತು. ಆದರೆ ಕ್ಯಾರೆಟ್ ಮೇಲಿಟ್ಟು ಒತ್ತಿದರೆ ಅರ್ಧಕ್ಕೆ ಹೋಗುವಷ್ಟರಲ್ಲಿ ಟಕ್ ಅಂತ ತಾನೇ ಸೀಳಿಕೊಳ್ಳುತ್ತಿತ್ತು. ಸಿಹಿಗುಂಬಳದಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಅಮ್ಮ ಒಂದೇ ಮಾತಲ್ಲಿ ತೀರ್ಪು ಕೊಟ್ಟರು: "ಹರಿತ ಐತೆ ಕಣೋ, ಹೆಚ್ಚೋಕೇ ಆಗಲ್ಲ. ನನ್ನ ಈಳಿಗೆ ಮಣೆನೇ ವಾಸಿ."

ಅವರು ಹೇಳಿದ್ದು ಸರಿ. ಹರಿತ ಅನ್ನುವುದು ಬಾಯಿಯ ಕೊಟ್ಟ ಕೊನೆಯ, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಯ ಸಂಗತಿ. ತರಕಾರಿಯನ್ನು ಆ ಗೆರೆ ಮೊದಲು ಮುಟ್ಟುತ್ತದೆ, ಹಿಂದಿನಿಂದ ಉಕ್ಕಿನ ಇಡೀ ದಪ್ಪ ಒಳಗೆ ನುಗ್ಗಬೇಕು. ನಮ್ಮ ಚಾಕು ಮೂರು ಮಿ.ಮೀ. ದಪ್ಪದ ಪಟ್ಟಿ. ಅದರ ತುದಿಯ ಒಂಬತ್ತು ಮಿ.ಮೀ. ಮಾತ್ರ ಇಳಿಜಾರು, ಅಂದರೆ ಬಾಯಿಯ ಹಿಂದೆಯೇ ಒಟ್ಟು 19 ಡಿಗ್ರಿಯ ಬೆಣೆ. ಸೌದೆ ಸೀಳಲು ಅದು ಒಳ್ಳೆಯದು, ಕ್ಯಾರೆಟ್‌ಗೆ ಅಲ್ಲ. ಪ್ರತಿ ಸಲ ಸಾಣೆ ಹಿಡಿಸಿದಾಗಲೂ ಬಾಯಿ ಒಂದಿಷ್ಟು ಸವೆದು ಮೇಲಿನ ದಪ್ಪ ಭಾಗಕ್ಕೆ ಏರುತ್ತದೆ. ಹಾಗಾಗಿ ಚಾಕು ಹಳೆಯದಾದಂತೆ, ಎಷ್ಟೇ ಮಸೆದರೂ, ಹೆಚ್ಚುವ ಗುಣ ಕಡಿಮೆಯಾಗುತ್ತ ಬರುತ್ತದೆ. ರಿಪೇರಿ ಅಂದರೆ ಇಲ್ಲಿ ಮಸೆಯುವುದಲ್ಲ, ತೆಳು ಮಾಡುವುದು.

ಯಾವ ಉಕ್ಕು

ಕೆಲಸಕ್ಕೆ ಕೈಹಾಕುವ ಮುಂಚೆ ಉಕ್ಕು ಗಟ್ಟಿಯಿದೆಯೋ ಇಲ್ಲವೋ ತಿಳಿಯಬೇಕು. ಹದ, ಅಂದರೆ ಕಾಯಿಸಿ ಅದ್ದಿ ತರುವ ಗಟ್ಟಿತನ, ಇಲ್ಲದ ಅಲಗನ್ನು ತೆಳು ಮಾಡಿದರೆ ಬಾಯಿ ಮಡಚಿಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಒಳ್ಳೆಯ ಅರ. ಬೆನ್ನಿನ ಮೇಲೆ ಎಳೆದರೆ ಅರ ಕಚ್ಚಿ ಪುಡಿ ಉದುರಿಸಿತು. ಬಾಯಿಂದ ಒಂದೂವರೆ ಸೆಂ.ಮೀ. ಒಳಗೆ ಎಳೆದರೆ ಗಾಜಿನ ಮೇಲೆ ಎಳೆದಂತೆ ಜಾರಿತು. ಅಂದರೆ ಮಾಡಿದವರು ಬಾಯಿಗೆ ಮಾತ್ರ ಹದ ಹಾಕಿ ಬೆನ್ನನ್ನು ಮೆತ್ತಗೆ ಬಿಟ್ಟಿದ್ದಾರೆ. ಇದು ಬೇಕೆಂದೇ ಮಾಡುವ ಕೆಲಸ. ಬಾಯಿ ಗಟ್ಟಿಯಿದ್ದು ಬೆನ್ನು ಮೆತ್ತಗಿದ್ದರೆ ಬಲವಾಗಿ ಹೊಡೆದಾಗ ಅಲಗು ಮುರಿಯುವುದಿಲ್ಲ.

ಊರಿಗೆ ಹೋದಾಗ ಕುಲುಮೆಗೆ ಒಯ್ದೆ. ಯಜಮಾನರು ತಿರುಗುವ ಕಲ್ಲಿಗೆ ಬೆನ್ನನ್ನು ಮುಟ್ಟಿಸಿ ಕಿಡಿ ನೋಡಿದರು. ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ನೇರ ಗೆರೆಯಾಗಿ ಹೋಗುತ್ತದೆ, ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಇದು ಸಿಡಿಯಿತು.

"ಲಾರಿ ಪಟ್ಟಿ ಸ್ವಾಮಿ ಇದು. ನಮ್ಮಪ್ಪನ ಕೈದೇ ಇರ್ಬೇಕು. ನೀರಿಗೆ ಅದ್ದಿದ್ರೆ ಸೀಳಿಬಿಡ್ತಿತ್ತು, ಎಣ್ಣೆಗೆ ಅದ್ದವ್ರೆ."

"ಇನ್ನೊಂದ್ಸಲ ಕಾಯ್ಸಿ ಹದ ಹಾಕೋದು ಬೇಕಾ ಯಜಮಾನ್ರೇ?"

"ಅರ ಜಾರ್ತೈತೆ ಅಂದ್ಮೇಲೆ ಯಾತಕ್ಕೆ? ಇರೋ ಹದ ಕೆಡಿಸ್ಬೇಡಿ, ಅಷ್ಟೇ."

ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.5ರಿಂದ 0.6, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ. ಬಡಿತ ತಡೆಯುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ಅಡುಗೆಮನೆಗೆ ಬೇಕಾದ ಅತಿ ಸೂಕ್ಷ್ಮ ಬಾಯಿಯನ್ನು ತಿಂಗಳುಗಟ್ಟಲೆ ಹಿಡಿದಿಡುವ ಉಕ್ಕು ಇದಲ್ಲ, ಆದರೆ ಎರಡು ನಿಮಿಷ ಮಸೆದರೆ ಮತ್ತೆ ಬಾಯಿ ಬರುತ್ತದೆ. ನನಗೆ ಆ ಗುಣವೇ ಹೆಚ್ಚು.

ಈ ಸೀಮೆಗೆ ಉಕ್ಕು ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಧುಗಿರಿಯ ಸುತ್ತ ಮಳೆಗಾಲದ ಹಳ್ಳಗಳಲ್ಲಿ ಬೆಟ್ಟದಿಂದ ಇಳಿದು ಬರುವ ಕರಿಮರಳನ್ನು ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ ಹಾಕಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದು ಆಗಿನ ಮೈಸೂರು ಸೀಮೆಯ ವಿದ್ಯೆ. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರುತ್ತಿತ್ತು. ಈಗ ಕುಲುಮೆಗೆ ಉಕ್ಕು ಬರುವುದು ಗುಜರಿಯಿಂದ.

ತುಕ್ಕು, ಮುಕ್ಕು

ತುಕ್ಕಿಗೆ ಅಂಗಡಿಯ ದ್ರಾವಣ ಬೇಕಿಲ್ಲ. ಬೇಸಿಗೆಯಲ್ಲಿ ತುಮಕೂರಿನ ಮಂಡಿಗಳಲ್ಲಿ ರಾಶಿ ಬೀಳುವ ಹುಣಸೆಹಣ್ಣೇ ಸಾಕು. ಅದರ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಒಳ್ಳೆಯ ಉಕ್ಕನ್ನು ನಿಧಾನಕ್ಕೆ ತಿನ್ನುತ್ತದೆ. ಹಳೆ ಹುಣಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ, ಪ್ಲಾಸ್ಟಿಕ್ ಬಾಟಲಿಯ ತಲೆ ಕತ್ತರಿಸಿ, ಅದರಲ್ಲಿ ಅಲಗು ಮುಳುಗಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ತೆಂಗಿನ ನಾರಿನಲ್ಲಿ ಉಜ್ಜಿದರೆ ತುಕ್ಕು ಕೆಸರಿನಂತೆ ಬಂತು. ಬಿಟ್ಟು ಮರೆಯಬಾರದು, ಆಮ್ಲ ಹೆಚ್ಚು ಹೊತ್ತಾದರೆ ಉಕ್ಕಿನಲ್ಲೂ ಗುಳಿ ಬೀಳುತ್ತದೆ. ಹೊರಗೆ ತೆಗೆದ ತಕ್ಷಣ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಬಿಸಿನೀರು ಸುರಿದು, ಒಣಬಟ್ಟೆಯಲ್ಲಿ ಒರೆಸಬೇಕು. ಒದ್ದೆ ಉಕ್ಕು ಗಾಳಿಗೆ ಬಿದ್ದರೆ ನಿಮಿಷಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ತುಕ್ಕು ಹೋದ ಮೇಲೆ ಬೆನ್ನಿನ ಕಡೆ ಗುಳಿಗಳು ಕಂಡವು. ಅವನ್ನು ಹಾಗೇ ಬಿಟ್ಟಿದ್ದೇನೆ. ಬಾಯಿಯ ಹತ್ತಿರದ ಗುಳಿ ಮಾತ್ರ ತೆಗೆಯಲೇಬೇಕು, ಬಾಯಿ ಅಲ್ಲಿಗೆ ಬಂದಾಗ ಅದೇ ಹೊಸ ಮುಕ್ಕಾಗುತ್ತದೆ.

ಮುಕ್ಕು ತೆಗೆಯುವುದಕ್ಕೂ ತೆಳು ಮಾಡುವುದಕ್ಕೂ ಒಂದು ಕ್ರಮ ಇದೆ, ಹೆಚ್ಚಿನವರು ತಿರುವುಮುರುವು ಮಾಡುತ್ತಾರೆ. ಮೊದಲು ಮುಕ್ಕು. ಅಲಗನ್ನು ಕಲ್ಲಿಗೆ ಲಂಬವಾಗಿ ನಿಲ್ಲಿಸಿ, ಬಾಯನ್ನೇ ನೇರವಾಗಿ ಉಜ್ಜಿ, ಮುಕ್ಕಿನ ತಳದವರೆಗೂ ಇಡೀ ಬಾಯಿ ಇಳಿಸಬೇಕು. ಚಾಕು ಆಗ ಪೂರ್ತಿ ಮೊಂಡು, ನೋಡಲು ಕೆಟ್ಟದಾಗಿರುತ್ತದೆ, ಆದರೆ ಬಾಯಿ ದಪ್ಪ ಇರುವುದರಿಂದ ಮುಂದಿನ ಕೆಲಸದಲ್ಲಿ ಬಿಸಿ ಏರಿ ಹದ ಕೆಡುವ ಭಯ ಕಡಿಮೆ. ಮೊದಲೇ ತೆಳು ಮಾಡಿದರೆ ಕಾಗದದಂಥ ಅಂಚಿಗೆ ಗ್ರೈಂಡರ್ ತಾಗಿದ ಮರುಕ್ಷಣ ಸುಟ್ಟುಹೋಗುತ್ತದೆ. ಅಗಲ 40ರಿಂದ 38ಕ್ಕೆ ಇಳಿಯಿತು.

ತೆಳು ಮಾಡಿದ್ದು

ಗುರಿ ಹೀಗೆ ಇಟ್ಟುಕೊಂಡೆ: ಬೆನ್ನು ಮೂರು ಮಿ.ಮೀ. ಹಾಗೇ ಇರಲಿ, ಅಲ್ಲಿಂದ ಬಾಯಿಯವರೆಗೆ ಎರಡೂ ಪಕ್ಕ ಒಂದೇ ಇಳಿಜಾರು, ಬಾಯಿಯ ಹತ್ತಿರ 0.3 ಮಿ.ಮೀ. ಹಾಗಾದರೆ ಬಾಯಿಂದ 5 ಮಿ.ಮೀ. ಮೇಲೆ ದಪ್ಪ ಸುಮಾರು 0.7 ಬರುತ್ತದೆ. ಬರೀ ಅಡುಗೆಮನೆಯ ಚಾಕು ಆಗಿದ್ದರೆ ಇನ್ನೂ ತೆಳು ಮಾಡುತ್ತಿದ್ದೆ. ಇದು ತೋಟದ ಮನೆಗೂ ಬರುವ ಚಾಕು, ಆಗೀಗ ಹಲಸಿನ ದಿಂಡಿಗೂ ತಾಗುತ್ತದೆ. ಅದಕ್ಕೆ ಅಲ್ಲಿಗೇ ನಿಲ್ಲಿಸಿದೆ.

ಅಲಗನ್ನು ಒಂದು ಹಲಗೆಗೆ ಎರಡು ಕ್ಲಾಂಪ್ ಹಾಕಿ ಬಿಗಿದೆ, ಬಾಯಿ ಹೊರಗೆ ಚಾಚದಂತೆ. ಆಂಗಲ್ ಗ್ರೈಂಡರ್‌ಗೆ 80 ನಂಬರಿನ ಫ್ಲಾಪ್ ಡಿಸ್ಕ್, ಅಂದರೆ ಉಜ್ಜುಕಾಗದದ ಎಸಳು ಜೋಡಿಸಿದ ಚಕ್ರ (ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣ). ಗಟ್ಟಿ ಗ್ರೈಂಡಿಂಗ್ ಚಕ್ರ ಬೇಡ, ಅದು ಗುಂಡಿ ಅಗೆಯುತ್ತದೆ. ಎರಡೂ ಪಕ್ಕಕ್ಕೆ ಮಾರ್ಕರ್ ಬಳಿದು, ಬೆನ್ನಿನ ಕಡೆಯಿಂದ ಶುರುಮಾಡಿ ಕೆಳಗೆ ಇಳಿಯುತ್ತ ಬಂದೆ. ಮಾರ್ಕರ್ ಉಳಿದ ಜಾಗ ಇನ್ನೂ ತಗ್ಗು, ಅಳಿಸಿದ ಜಾಗ ದಿಣ್ಣೆ. ಪಕ್ಕದಲ್ಲಿ ಬಕೆಟ್ ನೀರು. ಡಿಸ್ಕ್ ಎರಡು ಸಲ ಓಡಾಡಿದರೆ ಒಮ್ಮೆ ಬೆರಳಿಟ್ಟು ನೋಡುವುದು. ಬೆರಳು ಇಡಲಾಗದಷ್ಟು ಬಿಸಿಯಾಗಿದ್ದರೆ ಒದ್ದೆ ಬಟ್ಟೆ, ಇಲ್ಲವೇ ಬಿಚ್ಚಿ ನೀರಿಗೆ. ಕ್ಲಾಂಪ್ ಬಿಚ್ಚಿ ಮತ್ತೆ ಬಿಗಿಯುವುದೇ ಅರ್ಧ ಕೆಲಸ ಅನ್ನಿಸುತ್ತದೆ, ಆದರೆ ಇದರಲ್ಲಿ ಅವಸರಕ್ಕೆ ಜಾಗ ಇಲ್ಲ.

ಬಿಸಿಯ ಲೆಕ್ಕ ಬಣ್ಣದಲ್ಲಿ ಕಾಣುತ್ತದೆ. ಉಜ್ಜಿ ಬೆಳ್ಳಗಾದ ಉಕ್ಕಿನ ಮೇಲೆ ಒಣಹುಲ್ಲಿನ ಹಳದಿ ಬಂದರೆ ಅದು 220 ಡಿಗ್ರಿ ಆಸುಪಾಸು ಮುಟ್ಟಿದೆ. ಕಂದು, ನೇರಳೆ ದಾಟಿ ನೀಲಿ ಕಂಡರೆ 300ರ ಹತ್ತಿರ. ನೀಲಿಯಾದ ಬಾಯಿ ಮೆತ್ತಗಾಗಿದೆ ಅಂತಲೇ ಅರ್ಥ, ಮೇಲಿನಿಂದ ಬಣ್ಣ ಉಜ್ಜಿ ತೆಗೆದರೆ ಹದ ವಾಪಸ್ ಬರುವುದಿಲ್ಲ. ಬೀದಿಯ ಸಾಣೆ ಚಕ್ರದ ಬಗ್ಗೆ ನನ್ನ ತಕರಾರು ಇದೇ: ನೀರಿಲ್ಲದ ವೇಗದ ಚಕ್ರಕ್ಕೆ ತೆಳು ಬಾಯಿ ಕೊಟ್ಟಾಗ ಏಳುವ ಕಿಡಿ ಚೆಂದ, ಚಾಕುವಿಗೆ ಚೆಂದ ಅಲ್ಲ. ಮಚ್ಚು, ಕುಡುಗೋಲಿಗೆ ಪರವಾಗಿಲ್ಲ.

ಕನ್ನಡಕ, ಮಾಸ್ಕ್ ಕಡ್ಡಾಯ. ಬಟ್ಟೆಯ ಗ್ಲೌಸ್ ತಿರುಗುವ ಡಿಸ್ಕಿಗೆ ಸಿಕ್ಕಿ ಕೈ ಎಳೆದುಕೊಳ್ಳುತ್ತದೆ, ಹಾಕಬೇಡಿ. ಹಿತ್ತಲಲ್ಲಿ ಒಣಗಿದ ತೆಂಗಿನ ಗರಿ, ಸಿಪ್ಪೆ ಇದ್ದರೆ ಮೊದಲು ದೂರ ಸರಿಸಿ.

ಗ್ರೈಂಡರ್ ನಿಲ್ಲಿಸಿದ್ದು ಬಾಯಿಯ ಹತ್ತಿರ 0.6 ಉಳಿದಾಗ. ಅಲ್ಲಿಂದ ಮುಂದೆ ಕೈಕೆಲಸ. ಮೆತ್ತಗಿರುವ ಮೇಲ್ಭಾಗಕ್ಕೆ ಅರ ಓಡುತ್ತದೆ, ಗಟ್ಟಿ ಬಾಯಿಗೆ ಓಡುವುದಿಲ್ಲ. ಅಲ್ಲಿಗೆ ಒರಟು ಕಾರ್ಬೊರಂಡಮ್ ಕಲ್ಲು, ನೀರು, ತಾಳ್ಮೆ. ಆಮೇಲೆ ಪೇಂಟ್ ಅಂಗಡಿಯ ವಾಟರ್ ಪೇಪರ್ ಅನ್ನು ಮರದ ತುಂಡಿಗೆ ಸುತ್ತಿ ಸೋಪಿನ ನೀರು ಹಾಕಿ 220, 400, 600. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಿದರೆ ಹಿಂದಿನ ಗೀರು ಹೋಯಿತೋ ಇಲ್ಲವೋ ತಿಳಿಯುತ್ತದೆ. ಕನ್ನಡಿಯಂತೆ ಮಿಂಚಿಸುವ ಹುಚ್ಚು ನನಗಿಲ್ಲ. 600ರ ಮೇಲೆ ಹೋದರೆ ಆಲೂಗಡ್ಡೆ ಹೋಳು ಅಲಗಿಗೆ ಇನ್ನಷ್ಟು ಅಂಟುತ್ತದೆ.

ಮುಗಿದ ಮೇಲೆ ಲೆಕ್ಕ ಹಾಕಿದರೆ ಸುಮಾರು 40-50 ಗ್ರಾಂ ಉಕ್ಕು ಪುಡಿಯಾಗಿ ನೆಲ ಸೇರಿತ್ತು.

ಹಿಡಿ

ಅಲಗಿನ ಹಿಂದೆ 90 ಮಿ.ಮೀ. ಉದ್ದದ, ಚೂಪಾಗುತ್ತ ಹೋಗುವ ಬಾಲ. ಹಳೆಯ ಪದ್ಧತಿಯಲ್ಲಿ ಅದನ್ನು ಕೆಂಪಗೆ ಕಾಯಿಸಿ ಮರಕ್ಕೆ ಚುಚ್ಚಿ ದಾರಿ ಮಾಡಿ, ಅರಗಿಗೆ ಇಟ್ಟಿಗೆ ಪುಡಿ ಸೇರಿಸಿ ತುಂಬುತ್ತಿದ್ದರು. ಅರಗು ಒಳ್ಳೆಯ ಅಂಟೇ, ಕುಡುಗೋಲಿಗೆ ಇವತ್ತಿಗೂ ಅದನ್ನೇ ಆರಿಸುತ್ತೇನೆ. ಬಿಸಿನೀರಿನಲ್ಲಿ ತೊಳೆಯುವ ಚಾಕುವಿಗೆ ಮಾತ್ರ ಒಗ್ಗುವುದಿಲ್ಲ, ಬಿಸಿಗೆ ಮೆತ್ತಗಾಗಿ ಹಿಡಿ ಅಲ್ಲಾಡಲು ಶುರುವಾಗುತ್ತದೆ. ಇದಕ್ಕೆ ಎರಡು ಟ್ಯೂಬಿನ ಅರಾಲ್ಡೈಟ್, ಐದು ನಿಮಿಷದ್ದಲ್ಲ, ನಿಧಾನಕ್ಕೆ ಗಟ್ಟಿಯಾಗುವುದು.

ಮರ ಕರಿಜಾಲಿ. ಮುರಿದ ಎತ್ತಿನ ಗಾಡಿ ಚಕ್ರದ ತುಂಡು ಊರಿನ ಕೊಟ್ಟಿಗೆಯಲ್ಲಿ ಬಿದ್ದಿತ್ತು. ದಶಕಗಳಿಂದ ಒಣಗಿದ್ದು, ಇನ್ನು ಬಾಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಲಸಿನ ಮರ ಕೆತ್ತಲು ಸುಲಭ, ಬಣ್ಣವೂ ಚೆನ್ನ, ಆದರೆ ಪೆಟ್ಟು ತಡೆಯುವುದರಲ್ಲಿ ಜಾಲಿ ಮುಂದೆ. ತುಂಡಿನ ಉದ್ದಕ್ಕೆ ಡ್ರಿಲ್‌ನಲ್ಲಿ ಸಾಲಾಗಿ ಮೂರು ತೂತು ಕೊರೆದು, ಮಧ್ಯದ ಗೋಡೆಗಳನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ಕೆರೆದು ಬಾಲ ಬಿಗಿಯಾಗಿ ಕೂರುವಂತೆ ಮಾಡಿದೆ. ಮುಂಭಾಗಕ್ಕೆ ಹಳೆಯ ನಲ್ಲಿಯ ಹಿತ್ತಾಳೆ ಕೊಳವೆಯ ತುಂಡು ಬಳೆಯಾಯಿತು. ಇದಿಲ್ಲದಿದ್ದರೆ ಮರ ಸೀಳುವುದು ಅಲ್ಲಿಂದಲೇ, ಮೊದಲ ಹಿಡಿ ಸೀಳಿದ್ದೂ ಹಾಗೆಯೇ. ಅಂಟು ತುಂಬುವ ಮುನ್ನ ಬಾಲವನ್ನು ಒರಟು ಪೇಪರಿನಲ್ಲಿ ಕೆರೆದು ಥಿನ್ನರ್‌ನಲ್ಲಿ ಒರೆಸಿ ಎಣ್ಣೆ ಪಸೆ ತೆಗೆದೆ. ನೇರ ಕೂತಿದೆಯೇ ಅಂತ ಬೆನ್ನಿನ ಮೇಲಿನಿಂದ ಒಂದು ಕಣ್ಣು ಮುಚ್ಚಿ ನೋಡಬೇಕು, ಅಂಟು ಗಟ್ಟಿಯಾದ ಮೇಲೆ ತಿದ್ದುಪಡಿ ಇಲ್ಲ. ಒಂದು ಇಡೀ ದಿನ ಮುಟ್ಟಲಿಲ್ಲ.

ಹಿಡಿ ದುಂಡಗಿರಬಾರದು. ಮೊಟ್ಟೆಯಾಕಾರ ಇದ್ದರೆ ಬಾಯಿ ಯಾವ ಕಡೆ ಅಂತ ಕತ್ತಲಲ್ಲೂ ಕೈಗೆ ತಿಳಿಯುತ್ತದೆ, ಒದ್ದೆ ಕೈಯಲ್ಲಿ ತಿರುಗುವುದಿಲ್ಲ. 115 ಮಿ.ಮೀ. ಉದ್ದ ಇಟ್ಟೆ. ಅಮ್ಮನ ಕೈ ಸಣ್ಣದು, ಅವರ ಹಿಡಿತಕ್ಕೆ ಸರಿಯಾಗುವಷ್ಟು ಕೆತ್ತಿದ ಮೇಲೆ ನನಗೆ ಸ್ವಲ್ಪ ತೆಳುವಾಗಿದೆ. ಇರಲಿ, ಹೆಚ್ಚು ಹೊತ್ತು ಹಿಡಿಯುವವರು ಅವರು.

ಕೊನೆಗೆ ಅಗಸೆ ಎಣ್ಣೆ, ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಅಥವಾ ನೀರಲ್ಲಿ ನೆನೆಸಿ ಎಸೆಯಿರಿ.

ಬಾಯಿ

ಎದುರುಮನೆಯ ಅಂಕಲ್ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ನಿಂತುಹೋಗಿ ಆ ಜಾಗ ಇಸ್ರೊ ಪಾಲಾಗಿದೆ, ಅವರ ಭೂತಗನ್ನಡಿ ಮತ್ತು ವರ್ನಿಯರ್ ಮಾತ್ರ ಇನ್ನೂ ಡ್ಯೂಟಿ ಮೇಲಿವೆ. ನಾನು ಬೆರಳಲ್ಲಿ ಬಾಯಿ ಸವರಿ ನೋಡುತ್ತಿದ್ದರೆ ಅವರು ಗೇಟಿನಾಚೆಯಿಂದಲೇ ಹೇಳಿದರು: "ಬೆರಳು ಯಾಕೆ ಕೊಡ್ತೀಯಪ್ಪ? ಬೆಳಕಿಗೆ ಹಿಡಿ. ಬಾಯಿ ಹೊಳೆದ್ರೆ ಮೊಂಡು, ಹೊಳೀದಿದ್ರೆ ಹರಿತ." ನಿಜ. ಬಾಯಿ ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿದಾಗ ಎಲ್ಲಿ ಬೆಳ್ಳಿ ಚುಕ್ಕೆ ಮಿಂಚುತ್ತದೋ ಅಲ್ಲಿ ಅಂಚು ಚಪ್ಪಟೆಯಾಗಿ ಬೆಳಕನ್ನು ತಿರುಗಿಸುತ್ತಿದೆ. ನಿಜವಾದ ಹರಿತಕ್ಕೆ ಬೆಳಕು ತಿರುಗಿಸುವಷ್ಟು ಅಗಲವೇ ಇರುವುದಿಲ್ಲ.

ಕೋನ ಒಂದು ಪಕ್ಕಕ್ಕೆ 18 ಡಿಗ್ರಿ ಇಟ್ಟೆ. ಬರೀ ತರಕಾರಿಗೆ 15 ಸಾಕು, ತೋಟ ಸುತ್ತುವ ಚಾಕುವಿಗೆ 20ರಿಂದ 25, ಮಚ್ಚಿಗೆ 30ರ ಹತ್ತಿರ. ಕೋನ ಅಳೆಯಲು ಯಂತ್ರ ಬೇಡ. 38 ಮಿ.ಮೀ. ಅಗಲದ ಅಲಗನ್ನು ಕಲ್ಲಿನ ಮೇಲೆ ಬಾಯಿ ತಾಗುವಂತೆ ಮಲಗಿಸಿ, ಬೆನ್ನನ್ನು ಸುಮಾರು 12 ಮಿ.ಮೀ. ಎತ್ತಿದರೆ 18 ಡಿಗ್ರಿ. 10 ಎತ್ತಿದರೆ 15, 13 ಎತ್ತಿದರೆ 20. ಆ ಎತ್ತರಕ್ಕೆ ಒಂದು ಮರದ ಚೂರು ಕತ್ತರಿಸಿಟ್ಟುಕೊಂಡು ಆಗಾಗ ಬೆನ್ನಿನ ಕೆಳಗೆ ತೂರಿಸಿ ನೋಡಿದರೆ ಕೈಗೆ ಬೇಗ ರೂಢಿಯಾಗುತ್ತದೆ. ಡಿಗ್ರಿ ಒಂದೆರಡು ಹೆಚ್ಚುಕಮ್ಮಿಯಾದರೆ ಪ್ರಮಾದವಿಲ್ಲ, ಪ್ರತಿ ಎಳೆತಕ್ಕೂ ಕೋನ ಬದಲಾದರೆ ಬಾಯಿ ದುಂಡಗಾಗುತ್ತದೆ.

ಹಳ್ಳಿಯಲ್ಲಿ ಈ ಕೆಲಸವೆಲ್ಲ ಜಗಲಿ ಕಲ್ಲಿನ ಮೇಲೆ ನಡೆಯುತ್ತದೆ. ಹಳೆಯ ಮನೆಗಳ ಮೆಟ್ಟಿಲಲ್ಲಿ ದೋಣಿಯಂತೆ ಸವೆದ ತಗ್ಗು ನೋಡಿರುತ್ತೀರಿ. ಗ್ರಾನೈಟಿನೊಳಗಿನ ಬೆಣಚು ಹದದ ಉಕ್ಕಿಗಿಂತ ಗಟ್ಟಿ, ಅದಕ್ಕೇ ಕೆಲಸ ಮಾಡುತ್ತದೆ. ಕುಡುಗೋಲಿಗೆ ಅದು ಸಾಕು, ಇಂಥ ತೆಳು ಬಾಯಿಗೆ ಕಾಳು ದಪ್ಪ. ನಾನು ಬಳಸಿದ್ದು ಒಂದು ಪಕ್ಕ ಒರಟು, ಒಂದು ಪಕ್ಕ ನಯ ಇರುವ ಸಾದಾ ಕಾರ್ಬೊರಂಡಮ್ ಕಲ್ಲು, ಆಮೇಲೆ ದಪ್ಪ ಗಾಜಿನ ಮೇಲೆ ಅಂಟಿಸಿದ 1000 ನಂಬರ್ ವಾಟರ್ ಪೇಪರ್. ಪೇಪರಿನ ಮೇಲೆ ಬಾಯನ್ನು ಮುಂದೆ ತಳ್ಳಿದರೆ ಪೇಪರ್ ಸೀಳುತ್ತದೆ, ಬೆನ್ನು ಮುಂದಾಗಿ ಎಳೆಯಬೇಕು.

ಒಂದು ಪಕ್ಕ ಎಷ್ಟು ಮಸೆಯಬೇಕು? ಆಚೆ ಪಕ್ಕದಲ್ಲಿ ಅಂಚಿನುದ್ದಕ್ಕೂ ಕೂದಲೆಳೆಯಂಥ ಉಕ್ಕಿನ ತಂತಿ ಮಗುಚಿಕೊಳ್ಳುವವರೆಗೆ. ವರ್ಕ್‌ಶಾಪಿನವರು ಅದನ್ನು ಬರ್ ಅನ್ನುತ್ತಾರೆ. ಬೆನ್ನಿನಿಂದ ಬಾಯಿ ಕಡೆಗೆ ಹೆಬ್ಬೆರಳು ಸವರಿದರೆ ತೊಡರುತ್ತದೆ. ಅದು ಮೊನೆಯಿಂದ ಹಿಡಿಯವರೆಗೂ ಬರದೆ ಪಕ್ಕ ಬದಲಿಸಿದರೆ ಅರ್ಧ ಚಾಕು ಮಾತ್ರ ಹರಿತವಾಗುತ್ತದೆ. ಬಂದ ಮೇಲೆ ಇನ್ನೊಂದು ಪಕ್ಕ, ಆಮೇಲೆ ಪಕ್ಕಕ್ಕೊಂದರಂತೆ ಹಗುರ ಎಳೆತ, ಒತ್ತಡ ಕಡಿಮೆ ಮಾಡುತ್ತ. ಕಡೆಗೆ ಹಳೆಯ ಚರ್ಮದ ಬೆಲ್ಟನ್ನು ಹಲಗೆಗೆ ಅಂಟಿಸಿ, ಹಸಿರು ಪಾಲಿಶ್ ಸೋಪು ಬಳಿದು, ಬೆನ್ನು ಮುಂದಾಗಿ ಒಂದಷ್ಟು ಸಲ. ತಂತಿ ಉಳಿದುಬಿಟ್ಟರೆ ಮೊದಲ ದಿನ ಚಾಕು ಭಯಂಕರ ಹರಿತ, ಎರಡನೇ ದಿನ ಮೊಂಡು.

ಈಗ ಬಾಯಿಯಲ್ಲಿ ಕಾಣುವುದು ಅರ್ಧ ಮಿ.ಮೀ. ಅಗಲದ ಒಂದೇ ಬೆಳ್ಳಿ ಗೆರೆ. ಕ್ಯಾರೆಟ್ ಸದ್ದಿಲ್ಲದೆ ಹೋಳಾಗುತ್ತದೆ. ಮಾಗಿದ ಟೊಮೆಟೊ ಮೇಲೆ ಚಾಕುವಿನ ತೂಕ ಮಾತ್ರ ಇಟ್ಟು ಎಳೆದರೆ ಸಿಪ್ಪೆ ಬಿಡುತ್ತದೆ. ಅಮ್ಮ ಬಸ್ಸಾರಿಗೆ ದಂಟು, ಹುರುಳಿಕಾಯಿ ಇದರಲ್ಲೇ ಹೆಚ್ಚುತ್ತಾರೆ. ಕಾಯಿ ತುರಿಯುವುದಕ್ಕೆ ಮಾತ್ರ ಈಳಿಗೆ ಮಣೆ, ಅದಕ್ಕೆ ನಾನೂ ಎದುರಾಡುವುದಿಲ್ಲ. ನಾಟಿಕೋಳಿಯ ಮೂಳೆಗೆ, ಕೊಬ್ಬರಿ ಗಿಟುಕಿಗೆ, ಎಳನೀರಿಗೆ ಮಚ್ಚು ಇದೆ. ತೆಳು ಮಾಡಿದ ಚಾಕುವಿನ ಷರತ್ತೇ ಅದು: ಕತ್ತರಿಸುವುದು ಸರಿ, ಹೊಡೆಯುವುದು, ತಿರುಚಿ ಮೀಟುವುದು ಇಲ್ಲ.

ಹೊಸದು ಕೊಳ್ಳುವವರಿಗೆ, ಮತ್ತು ಜೇಬಿನ ಚಾಕು

ಎಲ್ಲರೂ ಇಷ್ಟೆಲ್ಲ ಮಾಡಬೇಕಿಲ್ಲ. ಅಂಗಡಿಯಲ್ಲಿ ಚಾಕು ಕೈಗೆ ಬಂದಾಗ ಹೊಳಪು ನೋಡಬೇಡಿ, ಹಿಡಿಯ ಕಡೆಯಿಂದ ಅಲಗಿನುದ್ದಕ್ಕೆ ಕಣ್ಣು ಹಾಯಿಸಿ. ಬಾಯಿಯ ಹಿಂದೆ ಎಷ್ಟು ದಪ್ಪ ಇದೆ, ಅಲಗು ನೇರವಿದೆಯೇ, ಹಿಡಿಯ ಎರಡು ಪಟ್ಟಿಗಳ ನಡುವೆ ಉಗುರು ತೂರುವಷ್ಟು ಸಂದಿ ಇದೆಯೇ ನೋಡಿ. ಆ ಸಂದಿಗೆ ನೀರು ಹೋಗಿ ಒಳಗಿಂದ ತುಕ್ಕು ಹಿಡಿಯುತ್ತದೆ. ಕೈಯಲ್ಲಿ ಬಡಿದದ್ದು ಅಂತ ಸುತ್ತಿಗೆ ಗುರುತು ತೋರಿಸಿ ದುಬಾರಿ ಬೆಲೆಗೆ ಮಾರುವ ದಪ್ಪ ಚಾಕುಗಳಿಗಿಂತ ಇನ್ನೂರು ರೂಪಾಯಿಯ ತೆಳು ಸ್ಟೇನ್‌ಲೆಸ್ ಚಾಕು ಬಹುಪಾಲು ಮನೆಗಳಿಗೆ ಮೇಲು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಕನಿಷ್ಠ ಶೇ. 10.5 ಕ್ರೋಮಿಯಂ ಬೇಕು, ತುಕ್ಕು ತಡೆಯುವುದು ಅದು. ಚಾಕು ಸಿಂಕಿನಲ್ಲಿ ರಾತ್ರಿ ಕಳೆಯುವ ಮನೆಗೆ ನನ್ನ ಈ ಚಾಕು ಕೊಡುವುದಿಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟಕ್ಕೋ ಸಿದ್ಧರಬೆಟ್ಟಕ್ಕೋ ಹೊರಟಾಗ ಸೌತೆಕಾಯಿ, ಹಗ್ಗ, ಪ್ಯಾಕೆಟ್ ಇಷ್ಟಕ್ಕೆ ಮಡಚುವ ಸಣ್ಣ ಚಾಕು ಧಾರಾಳ. ದೇವರಾಯನದುರ್ಗದಂಥ ಮೀಸಲು ಅರಣ್ಯದಲ್ಲಿ ಸೌದೆ ಕಡಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ, ಅಲ್ಲಿಗೆ ದೊಡ್ಡ ಚಾಕು ಹೊರುವುದು ಬರೀ ಭಾರ. 1884ರಲ್ಲಿ ಶುರುವಾಗಿ 1891ರಿಂದ ಸ್ವಿಸ್ ಸೈನಿಕರಿಗೆ ಚಾಕು ಕೊಟ್ಟ ವಿಕ್ಟೋರಿನಾಕ್ಸ್‌ನ ಸಣ್ಣ ಮಾದರಿಗಳಿಗೆ ಬೀಗ ಇರುವುದಿಲ್ಲ, ಸ್ಪ್ರಿಂಗ್ ಬಿಗುವಷ್ಟೇ. ಮೊನೆಯಿಂದ ಚುಚ್ಚುವ ಕೆಲಸ ಮಾಡಿದರೆ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಒಪಿನೆಲ್‌ಗೆ 1955ರಿಂದ ತಿರುಗಿಸಿ ಬಿಗಿಯುವ ಬಳೆ ಬಂತು, ಅಲಗು ತೆಳು, ಹೆಚ್ಚಲು ಅದಕ್ಕೆ ಸಮ ಕಡಿಮೆ. ಅದರ ಮರದ ಹಿಡಿ ಮಳೆಗೆ ಊದಿಕೊಂಡು ಅಲಗು ತೆಗೆಯಲು ಬಾರದಂತಾಗುತ್ತದೆ, ಕೀಲಿಗೆ ಮೊದಲೇ ಎಣ್ಣೆ ಕುಡಿಸಿಡಬೇಕು. ಯಾವುದೇ ಮಡಚುವ ಚಾಕುವಿನ ಕೀಲಿನಲ್ಲಿ ಜೇಬಿನ ಧೂಳು, ಹಣ್ಣಿನ ರಸ ಸೇರುತ್ತದೆ. ಬಿಸಿ ಸೋಪುನೀರಲ್ಲಿ ತೊಳೆದು, ಒಣಗಿಸಿ, ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ.

ಇಟ್ಟುಕೊಳ್ಳುವುದು

ಬಾಯಿ ಹಾಳಾಗುವುದು ತರಕಾರಿಯಿಂದಲ್ಲ, ತರಕಾರಿಯ ಕೆಳಗಿರುವುದರಿಂದ. ಗ್ರಾನೈಟ್ ಕಟ್ಟೆ, ಸ್ಟೀಲ್ ತಟ್ಟೆ ಎರಡೂ ಬೇಡ. ಮರದ ಮಣೆ ಬೇಕು. ಮಾಂಸದಂಗಡಿಯವರು ಹುಣಸೆ ಕೊರಡನ್ನೇ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ, ಎಷ್ಟು ಹೊಡೆದರೂ ಅದು ಎಳೆಎಳೆಯಾಗಿ ಏಳುವುದಿಲ್ಲ. ಹೆಚ್ಚಿದ್ದನ್ನು ಪಾತ್ರೆಗೆ ಸರಿಸುವಾಗ ಚಾಕುವಿನ ಬೆನ್ನು ಬಳಸಿ.

ಬಾಳೆಕಾಯಿ, ಬದನೆಕಾಯಿ, ನೆಲ್ಲಿಕಾಯಿ ಕುಯ್ದಾಗ ಅಲಗು ಕಪ್ಪಾಗುತ್ತದೆ. ಅವುಗಳ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು, ಕೆಂಪು ತುಕ್ಕಲ್ಲ. ಸ್ಟೀಲ್ ನಾರಿನಲ್ಲಿ ಉಜ್ಜಿ ತೆಗೆಯಬೇಡಿ, ಆ ಕಪ್ಪು ಪದರ ಮುಂದಿನ ತುಕ್ಕನ್ನು ತಡವಾಗಿಸುತ್ತದೆ. ಮೊದಮೊದಲು ಈರುಳ್ಳಿ ಹೋಳಿಗೂ ಬಣ್ಣ ಹತ್ತುತ್ತದೆ, ಪದರ ಕೂತ ಮೇಲೆ ನಿಲ್ಲುತ್ತದೆ. ನಿಂಬೆ, ಹುಣಸೆ, ಉಪ್ಪು ತಾಗಿದರೆ ಆಗಲೇ ತೊಳೆದು ಒರೆಸುವುದು. ಆಯುಧಪೂಜೆಗೆ ಇಟ್ಟ ನೀರು ಕುಂಕುಮವನ್ನು ಮರುದಿನವೇ ಒರೆಸದಿದ್ದರೆ ಬೊಟ್ಟಿನಾಕಾರದ ತುಕ್ಕು ವರ್ಷವಿಡೀ ಉಳಿಯುತ್ತದೆ.

ಎಣ್ಣೆಗೆ ನಮ್ಮಲ್ಲಿ ಕೊಬ್ಬರಿ ಎಣ್ಣೆಗಿಂತ ಬೇರೆ ಹುಡುಕಬೇಕಿಲ್ಲ, ತಿಪಟೂರು ಪಕ್ಕದಲ್ಲೇ ಇದೆ. ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯದಲ್ಲ. ಸೂರ್ಯಕಾಂತಿ ಎಣ್ಣೆ ಹಚ್ಚಿಟ್ಟರೆ ತಿಂಗಳಲ್ಲಿ ಜಿಗುಟು. ಹಲಸಿನ ಕಾಲದಲ್ಲಿ ಕುಯ್ಯುವ ಮೊದಲೇ ಅಲಗಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿದರೆ ಮೇಣ ಹಿಡಿಯುವುದಿಲ್ಲ. ಹಿಡಿದ ಮೇಣವನ್ನು ಮತ್ತೆ ಎಣ್ಣೆ ಹಾಕಿಯೇ ಒರೆಸಬೇಕು. ಗ್ಯಾಸ್ ಒಲೆ ಉರಿಯಲ್ಲಿ ಕಾಯಿಸಿ ಒರೆಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಬಾಯಿ ನೀಲಿಯಾಗುವುದು ಅಲ್ಲೇ.

ಕೊನೆಯದು ಒರೆ. ಚರ್ಮದ ಒರೆಯೊಳಗೆ ಚಾಕು ವಾರಗಟ್ಟಲೆ ಇಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ. ನಾನು ಒಂದು ಇಂಚಿನ ಪಿವಿಸಿ ಪೈಪಿನ ತುಂಡು ತಂದೆ. ಅದರ ಹೊರವ್ಯಾಸ ಸುಮಾರು 33 ಮಿ.ಮೀ., ಚಪ್ಪಟೆ ಮಾಡಿದರೆ 50ರಷ್ಟು ಅಗಲ ಬರುತ್ತದೆ, 38ರ ಅಲಗಿಗೆ ಸರಿ. ಪಿವಿಸಿ 80 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಕುದಿಯುವ ನೀರು ಸಾಕು. ಉರಿಗೆ ಹಿಡಿದರೆ ಕೆಟ್ಟ ಹೊಗೆ. ಮೆತ್ತಗಾದ ತುಂಡನ್ನು ಇಕ್ಕಳದಲ್ಲಿ ತೆಗೆದು, ಒಳಗೆ ಅಲಗಿಗಿಂತ ತುಸು ದಪ್ಪದ ಮರದ ಪಟ್ಟಿ ಇಟ್ಟು, ಎರಡು ಹಲಗೆಗಳ ನಡುವೆ ಒತ್ತಿ ಆರಲು ಬಿಟ್ಟೆ. ಬಾಯಿ ಬರುವ ಕಡೆ ಎರಡು ರಿವೆಟ್, ತುದಿಯಲ್ಲಿ ನೀರು ಇಳಿಯಲು ಒಂದು ತೂತು.

ಊರಿಗೂ ತೋಟಕ್ಕೂ ಒಯ್ಯುವಾಗ ಅದು ಒರೆ ಸಮೇತ ಬ್ಯಾಗಿನ ಅಡಿಯಲ್ಲಿರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮಾಡಿದ ನಿಯಮಗಳ ಪಟ್ಟಿಯಲ್ಲಿ ಬರುವುದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳು, ಅದರಲ್ಲೂ ಮನೆಬಳಕೆ, ಬೇಸಾಯ, ಕೈಗಾರಿಕೆಗೆಂದು ಮಾಡಿದವನ್ನು ಹೊರಗಿಟ್ಟಿದ್ದಾರೆ. ಇದು ಏಳೂಕಾಲು ಇಂಚು. ಹಾಗಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಜಾತ್ರೆಗೋ ಬಸ್‌ಸ್ಟ್ಯಾಂಡಿಗೋ ಹೋದರೆ ಪೊಲೀಸರ ಮುಂದೆ ಇಂಚುಪಟ್ಟಿ ತೋರಿಸಿ ಪ್ರಯೋಜನವಿಲ್ಲ. ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಂತೂ ಜೇಬಿನ ಚಾಕು ಕೂಡ ಬಿಡುವುದಿಲ್ಲ.